ಇಂಟರ್‌ನೆಟ್ಟಿಗೂ ಕರಾರು ಪತ್ರ ಬೇಡವೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಮಳಿಗೆ ಹಿಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಬಾಡಿಗೆ ಶೇ. 5 ಏರುತ್ತದೋ, ಶೇ. 10 ಏರುತ್ತದೋ, ಛಾಪಾ ಕಾಗದದ ಮೇಲೆ ಮೊದಲೇ ಬರೆದಿರುತ್ತದೆ. ಜಗಳ ಏನಿದ್ದರೂ ಸಹಿ ಹಾಕುವ ಮುಂಚೆ. ಆದರೆ ಅದೇ ಮಳಿಗೆಯೊಳಗೆ ಎಳೆದಿರುವ ಬ್ರಾಡ್‌ಬ್ಯಾಂಡ್ ತಂತಿಗೆ ಬರುವ ವರ್ಷ ಎಷ್ಟು ಕೊಡಬೇಕು ಅಂತ ಕೇಳಿ ನೋಡಿ. "ಆಗ ಯಾವ ಪ್ಲಾನ್ ಇರುತ್ತೋ ಅದು ಸಾರ್" ಎಂಬುದೇ ಉತ್ತರ!

ಮೊದಲ ವರ್ಷ ಎಲ್ಲ ಸಕ್ಕರೆ. ತಂತಿ ಪುಕ್ಕಟೆ, ಪೆಟ್ಟಿಗೆ ಪುಕ್ಕಟೆ, ಒಂದು ತಿಂಗಳು ಹೆಚ್ಚುವರಿ. ವರ್ಷ ತುಂಬಿದ ದಿನ ಫೋನಿಗೆ ಒಂದು ಸಾಲಿನ ಸಂದೇಶ. ಆಫರ್ ಮುಗಿದಿದೆ, ಅಥವಾ ಹಳೇ ಪ್ಲಾನನ್ನೇ ತೆಗೆದುಹಾಕಿದ್ದಾರೆ. "ದರ ಏರಿಸಿದ್ದೇವೆ" ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾ, ಕಾರ್ಡು ಉಜ್ಜುವ ಯಂತ್ರ ಎಲ್ಲ ಆ ತಂತಿಗೇ ಜೋತುಬಿದ್ದಿರುವಾಗ, ಸಂಜೆ ವ್ಯಾಪಾರದ ಹೊತ್ತಿನಲ್ಲಿ ಲೈನು ಸತ್ತರೆ ಅಂಗಡಿಯವನು ಚೌಕಾಸಿ ಮಾಡುತ್ತಾ ಕೂರುತ್ತಾನೆಯೆ? ಕೇಳಿದಷ್ಟು ಕೊಡುತ್ತಾನೆ. ಪಕ್ಕದ ಅಂಗಡಿಗೆ ಹೊಸದಾಗಿ ಹಾಕಿಸಿಕೊಂಡವನು ಅದೇ ವೇಗಕ್ಕೆ ಕಡಿಮೆ ಕೊಡುತ್ತಿದ್ದಾನೆ ಅಂತ ಆಮೇಲೆ ತಿಳಿಯುತ್ತದೆ. ಹಳೇ ಗಿರಾಕಿಗೆ ಒಂದು ಹಿಡಿ ಹೆಚ್ಚು ಹಾಕಿ ಕೊಡುವುದು ನಮ್ಮ ಪೇಟೆಯ ಪದ್ಧತಿ. ಇವರದು ತದ್ವಿರುದ್ಧ.

ಇನ್ನು ತೆರಿಗೆ. ಬೋರ್ಡಿನಲ್ಲಿ 499 ರೂಪಾಯಿ ಅಂತ ದಪ್ಪಕ್ಷರ. ಶೇ. 18 ಜಿ.ಎಸ್.ಟಿ. ಸೇರಿದರೆ ಕೈ ಬಿಡುವುದು 589 ರೂಪಾಯಿ. ದರ 599 ಆದರೆ 707 ರೂಪಾಯಿ. ಅಂದರೆ ನೂರು ರೂಪಾಯಿ ಏರಿದರೆ ನಿಜಕ್ಕೂ ಏರಿದ್ದು 118. (ಜಿ.ಎಸ್.ಟಿ. ನೋಂದಣಿ ಇರುವ ವರ್ತಕರು ತಮ್ಮ ನಂಬರನ್ನು ಕಂಪನಿಗೆ ಕೊಟ್ಟು ಬಿಲ್ಲಿನಲ್ಲಿ ಬರೆಸಿಕೊಂಡರೆ, ಅಂಗಡಿ ಬಳಕೆಯ ಈ ತೆರಿಗೆಯನ್ನು ಲೆಕ್ಕದಲ್ಲಿ ವಜಾ ಮಾಡಿಕೊಳ್ಳಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಭಾಗ್ಯವಿಲ್ಲ.)

ಹಾಗಾದರೆ ಕೇಳುವವರು ಯಾರೂ ಇಲ್ಲವೆ? ಟ್ರಾಯ್ ಇದೆ, 1997ರಿಂದಲೂ ಇದೆ. ಆದರೆ ಬ್ರಾಡ್‌ಬ್ಯಾಂಡ್ ದರವನ್ನು ಅದು ಕಂಪನಿಗಳಿಗೇ ಬಿಟ್ಟಿದೆ. ಪೈಪೋಟಿ ಇರುವ ತನಕ ಇದರಿಂದ ಜನರಿಗೆ ಲಾಭವೇ ಆಯಿತು, ಸುಳ್ಳು ಹೇಳಬಾರದು. ಪೈಪೋಟಿ ತಗ್ಗಿದರೆ ಏನಾಗುತ್ತದೆ ಎಂಬುದನ್ನು ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೂತವರೇ ಬಲ್ಲರು. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಎರಡೇ ದಿನಗಳ ಅಂತರದಲ್ಲಿ ರೀಚಾರ್ಜ್ ದರ ಏರಿಸಿದವು. ಜಿಯೋದ 155 ರೂಪಾಯಿಯ ಪ್ಯಾಕು 189 ಆಯಿತು. ಲೆಕ್ಕ ಹಾಕಿ, ಹತ್ತಿರ ಹತ್ತಿರ ಶೇ. 22.

ಕರಾರಿನಲ್ಲಿ ಬರೆದುಬಿಟ್ಟರೆ ಸಾಕೇ ಅಂದರೆ, ಅದೂ ಸಾಲದು. ಬ್ರಿಟನ್ನಿನ ಕಥೆ ನೋಡಿ. ಅಲ್ಲಿ ಬರೆದೇ ಇತ್ತು. ಹೇಗೆ? "ಪ್ರತಿ ವರ್ಷ ಹಣದುಬ್ಬರದಷ್ಟು, ಅದರ ಮೇಲೆ ಶೇ. 3.9" ಅಂತ. 2022ರ ಡಿಸೆಂಬರಿನಲ್ಲಿ ಹಣದುಬ್ಬರ ಶೇ. 10.5ಕ್ಕೆ ಹೋಯಿತು. 2023ರಲ್ಲಿ ಎಷ್ಟೋ ಜನರ ಬಿಲ್ಲು ಕರಾರಿನ ನಡುವೆಯೇ ಶೇ. 14.4 ಜಿಗಿಯಿತು. 30 ಪೌಂಡು 34 ದಾಟಿತು. ಬಿಟ್ಟು ಹೋಗುತ್ತೇನೆ ಅಂದರೆ ದಂಡ ಕಟ್ಟಬೇಕು. ಕೊನೆಗೆ ಅಲ್ಲಿನ ನಿಯಂತ್ರಕ ಆಫ್‌ಕಾಮ್, 2025ರ ಜನವರಿ 17ರಿಂದ ಹೊಸ ಕರಾರುಗಳಲ್ಲಿ ಈ ಶೇಕಡಾ ಲೆಕ್ಕ ಕೂಡದು, ಯಾವಾಗ ಎಷ್ಟು ಏರುತ್ತದೆ ಎಂಬುದನ್ನು ಪೌಂಡು ಪೆನ್ಸ್‌ಗಳಲ್ಲೇ ಮೊದಲು ಹೇಳಿ ಅಂತ ಕಟ್ಟಪ್ಪಣೆ ಮಾಡಿತು. ಕರಾರು ಮುಗಿಯುವ ಮೊದಲು ಗಿರಾಕಿಗೆ ತಿಳಿಸಬೇಕೆಂಬ ನಿಯಮ ಅಲ್ಲಿ 2020ರಿಂದಲೇ ಇದೆ. ಏರಿಕೆಯೇನೂ ನಿಂತಿಲ್ಲ ಅನ್ನಿ. ವರ್ಷಕ್ಕೊಮ್ಮೆ ತಿಂಗಳ ಬಿಲ್ಲಿಗೆ 3 ಪೌಂಡು ಸೇರಿಸುತ್ತೇವೆ ಎಂದರೆ, 50 ಪೌಂಡು ಕೊಡುವವನಿಗೆ ಅದು ಶೇ. 6, 25 ಪೌಂಡಿನ ಬಡವನಿಗೆ ಶೇ. 12. ಆದರೂ ಸಹಿ ಹಾಕುವಾಗಲೇ ಗೊತ್ತಿರುತ್ತದಲ್ಲ!

ನಮ್ಮಲ್ಲಿ ಕೇಳುತ್ತಿರುವುದೂ ಅಷ್ಟೇ. ಎರಡನೇ ವರ್ಷದ ದರ ತೆರಿಗೆ ಸಮೇತ ಎಷ್ಟು ರೂಪಾಯಿ, ಮೊದಲ ದಿನವೇ ಕನ್ನಡದಲ್ಲಿ ಬರೆದುಕೊಡಿ. ಅವಧಿ ಮುಗಿಯುವ ಒಂದು ತಿಂಗಳು ಮೊದಲು ಮತ್ತೊಮ್ಮೆ ತಿಳಿಸಿ. ಇದನ್ನು ಟ್ರಾಯ್ ಕಡ್ಡಾಯ ಮಾಡಬೇಕು. ಕಂಪನಿಗಳಾಗಿಯೇ ಮಾಡುತ್ತವೆಂದು ಕಾಯುವುದು ವ್ಯರ್ಥ.

ಅಲ್ಲಿಯ ತನಕ ವರ್ತಕರು ಮಾಡಬಹುದಾದದ್ದು ಉಂಟು. ಕಟ್ಟುವ ದಿನಕ್ಕಿಂತ ಹದಿನೈದು ದಿನ ಮೊದಲೇ ಫೋನ್ ಮಾಡಿ, ಹೊಸಬರಿಗೆ ಎಷ್ಟು ಅಂತ ವಿಚಾರಿಸಿ, ಅದೇ ದರ ಕೇಳಿ. ಇಲ್ಲವೆಂದರೆ ಇನ್ನೊಬ್ಬರನ್ನು ಕರೆಯಿರಿ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ನಡುವೆ ಏರಿಕೆಯ ಕಾಟ ತಪ್ಪುತ್ತದೆ ನಿಜ, ಆದರೆ ಸಣ್ಣ ಆಪರೇಟರು ಬಾಗಿಲು ಹಾಕಿಕೊಂಡು ಹೋದರೆ ದುಡ್ಡಿಗೆ ಬಾಯಿ ಬಾಯಿ ಬಡಿದುಕೊಳ್ಳಬೇಕು. ಹೇಳಿದ್ದೊಂದು ದರ, ಹಿಡಿದಿದ್ದೊಂದು ದರ ಆದರೆ ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ 1915ಕ್ಕೆ ಫೋನ್ ಮಾಡಬಹುದು. ಟೆಲಿಕಾಂ ಗಿರಾಕಿಗಳು ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟು 2022ರಲ್ಲೇ ಹೇಳಿದೆ. ಹೊಟ್ಟೆಪಾಡಿಗೆ ಸ್ವಂತ ಅಂಗಡಿ ನಡೆಸುವವರೂ ಕಾನೂನಿನ ಪ್ರಕಾರ ಗ್ರಾಹಕರೇ. ಇಷ್ಟು ಸಣ್ಣ ಮೊತ್ತಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಹೋಗುವಾಗ ಕಳೆದ ವರ್ಷದ ಬಿಲ್ಲು, ಈ ವರ್ಷದ ಬಿಲ್ಲು, ಎರಡನ್ನೂ ಒಯ್ಯಿರಿ.