ಪರ್ವತಾರೋಹಣ ಗ್ರಂಥಗಳು: ಓದಬೇಕು, ಆದರೆ ಹೇಗೆ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಜ್ಞಾಪಿಸಿದಾಗ, ಶಾಲೆಯ ಇತಿಹಾಸವನ್ನೋ ಗಡಿನಾಡ ಕನ್ನಡದ ಸಂಕಷ್ಟಗಳನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಅನೇಕರಿದ್ದಾರೆ. ನಾನು ನಮ್ಮ ವಾಚನಾಲಯದ ಕಪಾಟಿನ ಒಂದು ಸಾಲಿನ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಅದು ಪರ್ವತಾರೋಹಣದ ಗ್ರಂಥಗಳ ಸಾಲು. ಧೈರ್ಯ, ತ್ಯಾಗ, ದೇಶಾಭಿಮಾನಗಳನ್ನು ಬೋಧಿಸುವುದಕ್ಕೆ ಇವುಗಳಿಗಿಂತ ಉತ್ತಮ ಪುಸ್ತಕಗಳಿಲ್ಲವೆಂದು ಅಧ್ಯಾಪಕರಾದ ನಾವೆಲ್ಲ ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ಇಂಗ್ಲಿಷ್ ಗ್ರಂಥಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವನು. ನಿಧಾನವಾಗಿ ಓದುವವನಿಗೆ ಒಂದು ಲಾಭವುಂಟು. ಪುಸ್ತಕದಲ್ಲಿ ಯಾರ ಹೆಸರು ಎಷ್ಟು ಸಲ ಬಂತು, ಯಾರ ಹೆಸರು ಬರಲೇ ಇಲ್ಲ ಎಂಬುದು ಅವನ ಗಮನಕ್ಕೆ ಬಾರದೆ ಹೋಗುವುದಿಲ್ಲ.

ಇಂಥ ಗ್ರಂಥಗಳಲ್ಲಿ ಅಗ್ರಗಣ್ಯವಾದುದು ಫ್ರಾನ್ಸಿನ ಮೋರಿಸ್ ಹರ್ಜೋಗ್ ಬರೆದ 'ಅನ್ನಪೂರ್ಣಾ'. 1950ರ ಜೂನ್ 3ರಂದು ಹರ್ಜೋಗ್ ಮತ್ತು ಲೂಯಿ ಲಾಶೆನಾಲ್ 8,091 ಮೀಟರ್ ಎತ್ತರದ ಆ ಶಿಖರವನ್ನು ಏರಿದರು. ಎಂಟು ಸಾವಿರ ಮೀಟರಿಗೆ ಮಿಕ್ಕಿದ ಶಿಖರವೊಂದರ ತುದಿಯನ್ನು ಮಾನವನು ಮುಟ್ಟಿದ್ದು ಅದೇ ಮೊದಲು. ಇಳಿಯುವಾಗ ಹರ್ಜೋಗರ ಕೈಗವಸುಗಳು ಜಾರಿಹೋದವು; ಹಿಮದಿಂದ ಕೊಳೆತ ಕೈಕಾಲುಗಳ ಬೆರಳುಗಳನ್ನು ಕತ್ತರಿಸಬೇಕಾಯಿತು. ಲಾಶೆನಾಲರು ಕಾಲಿನ ಬೆರಳುಗಳನ್ನೆಲ್ಲ ಕಳೆದುಕೊಂಡರು. ನಡೆಯಲಾರದ ಅವರಿಬ್ಬರನ್ನು ಶೆರ್ಪಾಗಳೂ ಹೊರೆಯಾಳುಗಳೂ ಮಳೆಗಾಲದ ಕೆಸರಿನಲ್ಲಿ ವಾರಗಟ್ಟಲೆ ಹೊತ್ತು ತಂದರು. ಬರೆಯಲು ಬೆರಳಿಲ್ಲದ ಹರ್ಜೋಗ್ ಪ್ಯಾರಿಸ್ ಸಮೀಪದ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಈ ಗ್ರಂಥವನ್ನು ಹೇಳಿ ಬರೆಸಿದರು. 1951ರಲ್ಲಿ ಅದು ಪ್ರಕಟವಾಯಿತು. ಲಕ್ಷೋಪಲಕ್ಷ ಪ್ರತಿಗಳಾಗಿ ಜಗತ್ತನ್ನು ಸುತ್ತಿತು. ಮುಂದೆ ಹರ್ಜೋಗ್ ಫ್ರಾನ್ಸಿನ ಸರಕಾರದಲ್ಲಿ ಯುವಜನ ಹಾಗೂ ಕ್ರೀಡಾ ಖಾತೆಯ ಹೊಣೆ ಹೊತ್ತರು.

ಗ್ರಂಥದಲ್ಲಿ ಇಲ್ಲದ ವಿಷಯವೊಂದಿದೆ. ದಂಡಯಾತ್ರೆಗೆ ಹೊರಡುವ ಮುನ್ನವೇ ಸದಸ್ಯರೆಲ್ಲರಿಂದ, ಐದು ವರ್ಷ ಕಾಲ ನಾಯಕನ ಹೊರತು ಬೇರಾರೂ ಏನನ್ನೂ ಪ್ರಕಟಿಸತಕ್ಕದ್ದಲ್ಲವೆಂಬ ಕರಾರಿಗೆ ಸಹಿ ಪಡೆಯಲಾಗಿತ್ತು. ಆ ಅವಧಿ ಮುಗಿಯುವ ಹೊತ್ತಿಗೆ, 1955ರ ನವೆಂಬರಿನಲ್ಲಿ, ಲಾಶೆನಾಲರು ಹಿಮದ ಬಿರುಕಿಗೆ ಬಿದ್ದು ತೀರಿಕೊಂಡರು. ಅವರ ಬರಹಗಳು ಮರುವರ್ಷ ಪುಸ್ತಕರೂಪದಲ್ಲಿ ಬಂದವು. ಅವನ್ನು ಸಿದ್ಧಪಡಿಸಿದವರು ಹರ್ಜೋಗರ ಸಹೋದರರೇ. ನಾಯಕನಿಗೆ ಅಪ್ರಿಯವಾಗಬಹುದಾದ ಸಾಲುಗಳೆಲ್ಲ ಅಲ್ಲಿ ಮಾಯವಾಗಿದ್ದವು. ಲಾಶೆನಾಲರು ಬರೆದದ್ದು ಬರೆದಂತೆಯೇ ಓದುಗರ ಕೈಸೇರಲು 1996ರ ತನಕ ಕಾಯಬೇಕಾಯಿತು.

ಏನಿತ್ತು ಆ ಸಾಲುಗಳಲ್ಲಿ? ಪಾದಗಳು ಮರಗಟ್ಟುತ್ತಿರುವುದು ಅರಿವಾದಾಗ ಲಾಶೆನಾಲರಿಗೆ ಹಿಂದಿರುಗಬೇಕೆನಿಸಿತ್ತು. ಅವರು ಬೆಟ್ಟದ ದಾರಿ ತೋರುವುದನ್ನೇ ವೃತ್ತಿಯಾಗಿ ಉಳ್ಳವರು. ಕಾಲು ಹೋದರೆ ಅನ್ನ ಹೋದಂತೆ. ಆದರೆ ಹರ್ಜೋಗ್ ಒಬ್ಬರೇ ಆದರೂ ಮೇಲೇರುವ ಹಟದಲ್ಲಿದ್ದರು. ಒಬ್ಬರೇ ಹೋದರೆ ಅವರು ಜೀವಂತ ಮರಳುವುದಿಲ್ಲವೆಂದು ಕಂಡ ಲಾಶೆನಾಲರು, ಬಲ್ಲವರಾಗಿಯೇ, ಜತೆಗೆ ನಡೆದರು. ಅವರ ಪಾಲಿಗೆ ಅದು ಫ್ರಾನ್ಸಿನ ಕೀರ್ತಿಯ ಪ್ರಶ್ನೆಯಾಗಿರಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಇಬ್ಬರ ನಡುವಣ ಋಣದ ಪ್ರಶ್ನೆಯಾಗಿತ್ತು.

ಹಳೆಯ ಮಹನೀಯರ ಹುಳುಕು ಹುಡುಕುವುದೇಕೆ, ಎಳೆಯರಿಗೆ ಆದರ್ಶಗಳು ಬೇಡವೆ, ಎಂದು ಕೇಳುವ ಮಿತ್ರರಿದ್ದಾರೆ. ಅವರಿಗೆ ನನ್ನ ವಿನಮ್ರ ಉತ್ತರ ಇಷ್ಟೆ. ಇಲ್ಲಿ ಬಚ್ಚಿಟ್ಟದ್ದು ಹುಳುಕನ್ನಲ್ಲ, ಆದರ್ಶವನ್ನೇ. ರಾಷ್ಟ್ರಧ್ವಜಕ್ಕಾಗಿ ಬೆರಳು ಕಳೆದುಕೊಂಡವನ ಕಥೆಯನ್ನು ನಾವು ಮಕ್ಕಳಿಗೆ ಹೇಳಿದೆವು. ಸಂಗಡಿಗನ ಜೀವಕ್ಕಾಗಿ, ತನ್ನ ಜೀವನೋಪಾಯವನ್ನೇ ಪಣಕ್ಕಿಟ್ಟು, ಇಷ್ಟವಿಲ್ಲದ ಶಿಖರವನ್ನು ಹತ್ತಿದವನ ಕಥೆ ನಾಲ್ಕು ದಶಕಗಳ ಕಾಲ ಕತ್ತರಿಯ ಕೆಳಗೆ ಬಿದ್ದಿತ್ತು. ಇವೆರಡರಲ್ಲಿ ಮಕ್ಕಳಿಗೆ ಹೇಳತಕ್ಕ ಕಥೆ ಯಾವುದೆಂಬುದನ್ನು ಓದುಗರೇ ನಿರ್ಧರಿಸಲಿ.

ಬಿಳಿಯ ಆರೋಹಿಯ ಗತಿಯೇ ಹೀಗಾದರೆ ಹೊರೆ ಹೊತ್ತವರ ಗತಿಯೇನು? 1922ರ ಜೂನ್ 7ರಂದು ಎವರೆಸ್ಟ್ ಪಾರ್ಶ್ವದಲ್ಲಿ ಹಿಮಕುಸಿತವಾಗಿ ಏಳು ಮಂದಿ ಹೊರೆಯಾಳುಗಳು ಮಡಿದರು. ಆಂಗ್ಲರಲ್ಲಿ ಒಬ್ಬರೂ ಸಾಯಲಿಲ್ಲ. ಅಂದಿನ ಆಂಗ್ಲ ಗ್ರಂಥಗಳು ಅವರನ್ನು ಕರೆದದ್ದು 'ಕೂಲಿ'ಗಳೆಂದು. ನಮ್ಮ ಭಾಷೆಗಳ ದಿನಗೂಲಿಯನ್ನು ನೆನಪಿಸುವ ಆ ಪದವೇ ಅವರ ಹೆಸರಾಯಿತು. ಆ ತಂಡದಲ್ಲಿದ್ದ ಡಾಕ್ಟರ್ ಸಾಮರ್‌ವೆಲ್ ಮಾತ್ರ, ಸತ್ತವರಲ್ಲಿ ತಮ್ಮವರೊಬ್ಬರಾದರೂ ಇರಬಾರದಿತ್ತೇ ಎಂಬ ಸಂಕಟವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಅವರು ಬಳಿಕ ಅಂದಿನ ತಿರುವಾಂಕೂರಿನ ನೆಯ್ಯೂರಿನಲ್ಲಿ ದಶಕಗಳ ಕಾಲ ಬಡರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತ ಬಾಳಿದರು. ಎಲ್ಲ ಲೇಖಕರೂ ಒಂದೇ ತೆರನಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆ.

1934ರಲ್ಲಿ ಜರ್ಮನರು ನಂಗಾಪರ್ಬತಕ್ಕೆ ಹೋದರು. ನಾಜಿ ಆಳ್ವಿಕೆಗೆ ಆ ಪರ್ವತ ಜನಾಂಗದ ಪ್ರತಿಷ್ಠೆಯಾಗಿತ್ತು. ಬಿರುಗಾಳಿಯಲ್ಲಿ ಮೂವರು ಜರ್ಮನರೂ ಆರು ಮಂದಿ ಶೆರ್ಪಾಗಳೂ ಮಡಿದರು. ನಾಯಕ ಮೆರ್ಕ್ಲ್ ಕೆಳಗಿಳಿಯಲಾರದೆ ಕುಸಿದಾಗ ಗೇಲೆ ಎಂಬ ಶೆರ್ಪಾ ಅವನ ಬಳಿಯಲ್ಲೇ ಉಳಿದನು. ನಾಲ್ಕು ವರ್ಷಗಳ ತರುವಾಯ ಇಬ್ಬರ ಶವಗಳೂ ಒಂದೆಡೆ ಸಿಕ್ಕವು. ಮಹಾಪ್ರಸ್ಥಾನದಲ್ಲಿ ಪಾಂಡವರು ಬಿದ್ದವರನ್ನು ಹಿಂದಿರುಗಿ ನೋಡದೆ ನಡೆದರೆಂದು ಓದಿದವರು ನಾವು. ಬಿದ್ದವನ ಬಳಿ ಕುಳಿತು ಪ್ರಾಣ ಬಿಟ್ಟ ಗೇಲೆಯ ಹೆಸರು ನಮ್ಮ ಎಷ್ಟು ಪಾಠಪುಸ್ತಕಗಳಲ್ಲಿದೆ?

ಐಗರ್ ಪರ್ವತದ ಉತ್ತರಮುಖದ ಕಥೆಯಾದ 'ಶ್ವೇತ ಜೇಡ'ವನ್ನೂ 'ಟಿಬೆಟಿನಲ್ಲಿ ಏಳು ವರ್ಷ'ವನ್ನೂ ಬರೆದ ಹೈನ್ರಿಚ್ ಹಾರೆರ್ ಸ್ವತಃ ಹಿಟ್ಲರನ ಎಸ್.ಎಸ್. ಪಡೆಗೆ ಸೇರಿದ್ದರೆಂಬುದು ಲೋಕಕ್ಕೆ ತಿಳಿದದ್ದು 1997ರಲ್ಲಿ. ಅವರ ಗ್ರಂಥಗಳಲ್ಲಿ ಅದರ ಸುಳಿವಿರಲಿಲ್ಲ. ಅವುಗಳ ಸೊಗಸು ಇಂದಿಗೂ ಕುಂದಿಲ್ಲವೆನ್ನುವುದೂ ನಿಜ.

ಇನ್ನು, ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ ಓದುಬರಹ ಕಲಿತವರಲ್ಲ. ಅವರ ಆತ್ಮಕಥೆಯನ್ನು 1955ರಲ್ಲಿ ಬರೆದುಕೊಟ್ಟವರು ಒಬ್ಬ ಅಮೆರಿಕನ್ ಲೇಖಕರು. ಅನ್ನಪೂರ್ಣಾ ದಂಡಯಾತ್ರೆಯ ಶೆರ್ಪಾ ಮುಖಂಡ ಆಂಗ್ ಥಾರ್ಕೆಯೂ ತಮ್ಮ ಕಥೆಯನ್ನು ಹೇಳಿ ಬರೆಸಿದರು. 1954ರಲ್ಲಿ ಫ್ರೆಂಚಿನಲ್ಲಿ ಬಂದ ಆ ಪುಸ್ತಕ ಇಂಗ್ಲಿಷಿಗೆ ಇಳಿಯಲು ಅರುವತ್ತಕ್ಕೂ ಮಿಕ್ಕಿ ವರ್ಷಗಳು ಬೇಕಾದವು. ಹರ್ಜೋಗರೂ ಹೇಳಿ ಬರೆಸಿದವರೇ, ಆಂಗ್ ಥಾರ್ಕೆಯೂ ಹೇಳಿ ಬರೆಸಿದವರೇ. ಒಬ್ಬರ ಮಾತು ಒಡನೆಯೇ ಜಗತ್ತಿಗೆ ಕೇಳಿಸಿತು. ಇನ್ನೊಬ್ಬರದು ಎರಡು ತಲೆಮಾರು ತಡವಾಯಿತು.

ಈ ಗ್ರಂಥಗಳನ್ನು ಕಪಾಟಿನಿಂದ ಕಿತ್ತೊಗೆಯಬೇಕೆಂಬುದು ನನ್ನ ವಾದವಲ್ಲ. ಹಾಗೆ ಮಾಡಿದರೆ ಕತ್ತರಿ ಹಿಡಿದವರಿಗೂ ನಮಗೂ ಭೇದವೇನು? 'ಅನ್ನಪೂರ್ಣಾ' ಇರಲಿ, ಅದರ ಪಕ್ಕದಲ್ಲಿ ಲಾಶೆನಾಲರ ಬರಹವೂ ಆಂಗ್ ಥಾರ್ಕೆಯ ಕಥೆಯೂ ಇರಲಿ. ಪುಸ್ತಕ ಕೊಡುವಾಗ ಅಧ್ಯಾಪಕರು ಮಕ್ಕಳಿಗೆ ಮೂರು ಪ್ರಶ್ನೆಗಳನ್ನೂ ಜತೆಗೆ ಕೊಡಲಿ: ಇದನ್ನು ಬರೆದವರು ಯಾರು? ಬರೆಯಲು ಯಾರಿಗೆ ಅನುಮತಿ ಇರಲಿಲ್ಲ? ಹೊರೆ ಹೊತ್ತವರ ಹೆಸರೇನು? ಈ ಮೂರನ್ನು ಕೇಳಲು ಕಲಿತ ವಿದ್ಯಾರ್ಥಿ ಪರ್ವತದ ಕಥೆಯನ್ನಷ್ಟೇ ಅಲ್ಲ, ಪತ್ರಿಕೆಯನ್ನೂ ಚುನಾವಣೆಯ ಭಾಷಣವನ್ನೂ ಸರಿಯಾಗಿ ಓದಬಲ್ಲನು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆಗಳು ಹೊಸವಲ್ಲ. 1956ರ ನವೆಂಬರ್ 1ರ ತರುವಾಯ ನಮ್ಮ ಬಗೆಗಿನ ಕಾಗದಪತ್ರಗಳನ್ನು ಬಹುಮಟ್ಟಿಗೆ ಇತರರು, ಇತರ ಭಾಷೆಯಲ್ಲಿ ಬರೆದರು. ನಮ್ಮ ಪಾಲಿನ ಮಾತು ಅಲ್ಲಿ ಇಲ್ಲವೆಂದು ನಾವು ನೊಂದುಕೊಳ್ಳುತ್ತೇವೆ, ಅದು ನ್ಯಾಯವೇ. ಆದರೆ ಲೇಖನಿ ನಮ್ಮ ಕೈಗೆ ಬಂದಾಗ ನಾವು ಮಾಡುವುದೇನು? ಯಕ್ಷಗಾನ ಬಯಲಾಟ ನೋಡಿ ಬಂದು ಕಿರೀಟ ವೇಷವನ್ನು ಬಾಯ್ತುಂಬ ಹೊಗಳುವ ನಾವು, ರಾತ್ರಿಯಿಡೀ ಚೌಕಿಯಲ್ಲಿ ದುಡಿದವನ, ಪೆಟ್ಟಿಗೆ ಹೊತ್ತವನ ಹೆಸರನ್ನು ಕೇಳುವುದಿಲ್ಲ. ನಮ್ಮ ಶಾಲೆಯ ಗೋಡೆಯಲ್ಲಿ ದಾನಿಗಳ ಅಮೃತಶಿಲೆಯ ಫಲಕವಿದೆ. ಅವರ ಔದಾರ್ಯಕ್ಕೆ ನಾವು ಚಿರಋಣಿಗಳು. ಆದರೆ ಮೊದಲ ಕಟ್ಟಡಕ್ಕೆ ಮುರಕಲ್ಲು ಹೊತ್ತು ಗುಡ್ಡ ಹತ್ತಿದ ಹೆಂಗಸರ ಹೆಸರು ಆ ಫಲಕದಲ್ಲಿಲ್ಲ. ಹಣ ಕೊಟ್ಟವರ ಪಟ್ಟಿಯಲ್ಲಿ ಅವರು ಬರುವಂತಿರಲಿಲ್ಲ. ಮಳೆಗಾಲದಲ್ಲಿ ಎಳೆಯ ಮಕ್ಕಳನ್ನು ತೋಡು ದಾಟಿಸುತ್ತಿದ್ದವರ ಹೆಸರೂ ಇಲ್ಲ.

ಅವರನ್ನು ಹೆಸರು ಹಿಡಿದು ಕರೆಯಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಕೆಲವರಿದ್ದಾರೆ. ಹಳೆ ವಿದ್ಯಾರ್ಥಿ ಸಂಘದ ಮಿತ್ರರು ಒಂದು ನೋಟು ಪುಸ್ತಕ ಹಿಡಿದುಕೊಂಡು ಈ ವರ್ಷವೇ ಅವರ ಮನೆಗಳಿಗೆ ಹೋಗಬೇಕು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು, ಅದರ ಒಂದು ಪ್ರತಿಯನ್ನು ಶಾಲೆಯ ವಾಚನಾಲಯದಲ್ಲಿ ಇರಿಸಬೇಕು ಎಂಬುದು ನನ್ನ ಪ್ರಾರ್ಥನೆ. ವಜ್ರ ಮಹೋತ್ಸವದ ತನಕ ಕಾದರೆ ಹೇಳುವವರು ಉಳಿದಿರುವುದಿಲ್ಲ. ಐವತ್ತು ವರ್ಷ ಕನ್ನಡದ ದೀಪವನ್ನು ಆರಗೊಡದೆ ಕಾಪಾಡಿದ ವಿದ್ಯಾದೇಗುಲಕ್ಕೂ ಅದರ ಸಮಸ್ತ ಬಳಗಕ್ಕೂ ಶ್ರೇಯಸ್ಸಾಗಲಿ.