ಬಿಲ್ಲೆಯ ತಪ್ಪೇನು?

ಬೆಂಗಳೂರಿನ ಒಂದು ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ಐದು ಡಿವಿಡಿ ಬಿಲ್ಲೆಗಳು ಸಾಲಾಗಿ ಬಿದ್ದಿದ್ದವು. ಐದೂ ಕೆಟ್ಟವೆಂದು ತೀರ್ಪಾಗಿತ್ತು. ಕಾಲೇಜಿಗೆ ಹೋಗುವ ಮಗನು ಅವುಗಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದನು. ತಂದೆಯವರು ಪತ್ರಿಕೆಯಿಂದ ತಲೆಯೆತ್ತದೆಯೇ, “ನಾಲ್ಕು ಕಾಸು ಉಳಿಸಲು ಹೋಗಿ ಕಳಪೆ ಮಾಲು ತಂದೆಯಲ್ಲೋ” ಎಂದರು.

ವಿಷಯ ಸಣ್ಣದಲ್ಲ. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಹುಡುಗನ ಅಜ್ಜಿ ಇದ್ದಾರೆ. ೧೯೯೬ರಲ್ಲಿ ಅಜ್ಜನ ಷಷ್ಟ್ಯಬ್ದಿ ನಡೆದಾಗ ತೆಗೆಸಿದ ವೀಡಿಯೊ ಕ್ಯಾಸೆಟ್ಟು ಒಂದಿತ್ತು. ಅಜ್ಜ ಈಗ ಇಲ್ಲ. ಕ್ಯಾಸೆಟ್ಟು ತೋರಿಸುವ ಯಂತ್ರವೂ ಇಲ್ಲ. ಅಂಥ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ೨೦೧೬ರಲ್ಲಿ ಕೈಯೊರಸಿಕೊಂಡಿತು. ಮೊಬೈಲಿನ ಗಾಜನ್ನು ತೀಡಿ ಚಿತ್ರ ಹುಡುಕುವುದು ಅಜ್ಜಿಗೆ ಒಗ್ಗದು. ಟೆಲಿವಿಷನ್ನಿನ ಪಕ್ಕದಲ್ಲಿ ಹಳೆಯ ಡಿವಿಡಿ ಪ್ಲೇಯರು ಒಂದಿದೆ. ಬಿಲ್ಲೆಯಿಟ್ಟು ಗುಂಡಿ ಒತ್ತಿದರೆ ಅವರಿಗೆ ಸಾಕು. ಆದುದರಿಂದ ಹುಡುಗನು ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಕಂಪ್ಯೂಟರಿನ ಫೈಲಾಗಿ ಮಾಡಿಸಿ ತಂದು, ಮೂರು ಗಂಟೆಯ ಚಿತ್ರವನ್ನು ಎರಡು ಗಂಟೆ ಹತ್ತು ನಿಮಿಷಕ್ಕೆ ಕತ್ತರಿಸಿ, ‘ಬರ್ನ್’ ಎಂಬ ಗುಂಡಿಯನ್ನು ಒತ್ತಿದ್ದನು. ಐದು ಸಲವೂ ಅರ್ಧ ದಾರಿಯಲ್ಲಿ ಕೆಂಪು ಅಕ್ಷರದ ಒಂದು ಸಾಲು ಬಂದು ಕೆಲಸ ನಿಂತಿತು.

ಬರ್ನ್ ಎಂದರೆ ಸುಡುವುದೆಂದು ಅರ್ಥವಾದರೂ ಇಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಬಿಲ್ಲೆಯ ಒಳಪದರದಲ್ಲಿ ಒಂದು ಬಣ್ಣವಿರುತ್ತದೆ. ಕೆಂಪು ಲೇಸರ್ ಕಿರಣವು ಅದನ್ನು ಅಲ್ಲಲ್ಲಿ ಕಾಯಿಸಿ ಮಾರ್ಪಡಿಸುತ್ತ, ಗ್ರಾಮಫೋನ್ ತಟ್ಟೆಗೆ ತೀರ ವಿರುದ್ಧವಾಗಿ, ಒಳಗಿನಿಂದ ಹೊರ ಅಂಚಿನತ್ತ ಸುರುಳಿಯಾಗಿ ಬರೆದುಕೊಂಡು ಹೋಗುತ್ತದೆ. ಬರೆದ ಭಾಗವನ್ನು ಬೆಳಕಿಗೆ ಹಿಡಿದರೆ ಬಣ್ಣ ಬೇರೆಯಾಗಿ ಕಾಣುವುದು.

ಹುಡುಗನು ಬಿಲ್ಲೆಗಳನ್ನು ಕಿಟಕಿಯ ಬಳಿಗೆ ಒಯ್ದು ಹಾಗೆಯೇ ಹಿಡಿದು ನೋಡಿದನು. ಐದರ ಮೇಲೂ ಒಂದು ಗೆರೆಯೂ ಬಿದ್ದಿರಲಿಲ್ಲ! ಲೇಸರ್ ಅವುಗಳನ್ನು ಮುಟ್ಟಿಯೇ ಇರಲಿಲ್ಲ.

ಸಂಕಲನದ ತಂತ್ರಾಂಶಗಳಲ್ಲಿ ಗುಂಡಿ ಒಂದೇ ಆದರೂ ಅದರ ಹಿಂದಿರುವ ಕೆಲಸಗಳು ಎರಡು. ಮೊದಲನೆಯದು ಅಡುಗೆ: ಚಿತ್ರವನ್ನು ಡಿವಿಡಿ ಪ್ಲೇಯರಿಗೆ ಅರ್ಥವಾಗುವ ಎಂಪೆಗ್-೨ ರೂಪಕ್ಕೆ, ನಮ್ಮ ದೇಶದ ಪಾಲ್ ಪದ್ಧತಿಯಂತೆ ಸೆಕೆಂಡಿಗೆ ೨೫ ಚಿತ್ರಗಳಾಗಿ ಮಾರ್ಪಡಿಸಿ, ಅಧ್ಯಾಯಗಳನ್ನೂ ಮುಖಪುಟವನ್ನೂ ಜೋಡಿಸುವುದು. ಎರಡನೆಯದು ಬಡಿಸುವುದು, ಎಂದರೆ ಬಿಲ್ಲೆಯ ಮೇಲೆ ಬರೆಯುವುದು. ಮೊದಲನೆಯದರಲ್ಲಿ ಎಡವಿದರೂ ತಂತ್ರಾಂಶವು ‘ಬರ್ನ್ ವಿಫಲ’ವೆಂದೇ ಸಾರಿಬಿಡುತ್ತದೆ. ಉದ್ದಿನಬೇಳೆ ನೆನೆಯದಿದ್ದರೆ ಕಾವಲಿಯನ್ನು ಬೈದು ಬಂದ ಭಾಗ್ಯವೇನು?

ಆದುದರಿಂದ ಇವೆರಡನ್ನೂ ಬೇರ್ಪಡಿಸುವುದೇ ಜಾಣತನ. ಬಹುಪಾಲು ತಂತ್ರಾಂಶಗಳಲ್ಲಿ ಬಿಲ್ಲೆಗೆ ಬದಲಾಗಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿಯೇ ‘ಐ.ಎಸ್.ಒ.’ ಎಂಬ ಪಡಿಯಚ್ಚನ್ನು ಸಿದ್ಧಪಡಿಸಲು ಅವಕಾಶವುಂಟು. ಅದು ಸರಿಯಾಗಿ ಮುಗಿದರೆ ಉಳಿದ ದೋಷವೆಲ್ಲ ಬಿಲ್ಲೆಯದು, ಇಲ್ಲವೆ ಡ್ರೈವಿನದು. ಅಲ್ಲಿಯೇ ನಿಂತರೆ ಬಿಲ್ಲೆ ನಿರಪರಾಧಿ. ಈ ಮನೆಯಲ್ಲಿ, ಡ್ರೈವಿನಲ್ಲಿ ಬಿಲ್ಲೆಯೇ ಇಲ್ಲದಿದ್ದಾಗಲೂ ಕೆಲಸವು ಅದೇ ಜಾಗದಲ್ಲಿ ನಿಂತಿತು.

ಕಾರಣ, ಜಾಗವಿರಲಿಲ್ಲ. ಮಾರ್ಪಟ್ಟ ಚಿತ್ರಕ್ಕೆ ೪ ಗಿಗಾಬೈಟಿಗೂ ಮಿಕ್ಕು ಸ್ಥಳ ಬೇಕು. ಅದರಿಂದ ಕಟ್ಟುವ ಪಡಿಯಚ್ಚಿಗೆ ಮತ್ತೆ ಅಷ್ಟೇ. ಉಳಿದಿದ್ದುದು ೬ ಮಾತ್ರ. ಹುಡುಗನು ತಾನು ಕೂಡಿಟ್ಟಿದ್ದ ಸಿನಿಮಾಗಳನ್ನು ಒಲ್ಲದ ಮನಸ್ಸಿನಿಂದ ಅಳಿಸಿದನು.

ಅಳತೆಯ ಲೆಕ್ಕವೂ ಒಂದಿದೆ. ಬಿಲ್ಲೆಯ ಮೇಲೆ ೪.೭ ಎಂದು ಅಚ್ಚಾಗಿದ್ದರೂ ಅನೇಕ ಕಂಪ್ಯೂಟರುಗಳು ಅದನ್ನು ೪.೩೮ ಎಂದೇ ಎಣಿಸುತ್ತವೆ. ತಯಾರಕರದು ಸಾವಿರದ ಲೆಕ್ಕ, ಕಂಪ್ಯೂಟರಿನದು ೧೦೨೪ರ ಲೆಕ್ಕ. ಎರಡು ಗಂಟೆ ಹತ್ತು ನಿಮಿಷದ ಚಿತ್ರವನ್ನು ಸೆಕೆಂಡಿಗೆ ೮ ಮೆಗಾಬಿಟ್ಟಿನ ಗುಣಮಟ್ಟದಲ್ಲಿ ಮಾಡಹೊರಟರೆ ೭.೮ ಗಿಗಾಬೈಟಾಗುತ್ತದೆ. ಪಾವಿನ ಪಾತ್ರೆಯಲ್ಲಿ ಸೇರು ಅಕ್ಕಿ ಹಿಡಿಯದು. ೪.೮ ಮೆಗಾಬಿಟ್ಟಿಗಿಂತ ತುಸು ಕೆಳಗೆ ಇಳಿಸಬೇಕು; ಹಳೆಯ ಕ್ಯಾಸೆಟ್ಟಿನ ಮಸುಕು ಚಿತ್ರಕ್ಕೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಇನ್ನೊಂದು ಮಾತು: ಕೆಲವು ಹಳೆಯ ತಂತ್ರಾಂಶಗಳು ಫೈಲಿನ ಹೆಸರಿನಲ್ಲಿ ಕನ್ನಡದ ಅಕ್ಷರ ಕಂಡರೆ ಮುಗ್ಗರಿಸುತ್ತವೆ. ಕನ್ನಡಿಗನಿಗೆ ಇದು ನೋವಿನ ಸಂಗತಿಯೇ. ಆದರೆ ಹೆಸರನ್ನು ರೋಮನ್ ಲಿಪಿಗೆ ಬದಲಿಸದೆ ವಿಧಿಯಿಲ್ಲ.

ಸಂಜೆಯ ವೇಳೆಗೆ ಪಡಿಯಚ್ಚು ಸಿದ್ಧವಾಯಿತು. ಉತ್ಸಾಹದಿಂದ ಹುಡುಗನು ೧೬ ಪಟ್ಟು ವೇಗದಲ್ಲಿ ಬರೆಯಲು ಬಿಟ್ಟನು. ಕೆಲಸವು ಕೊನೆಯ ಹಂತದಲ್ಲಿ ಕೆಟ್ಟಿತು. ಈ ಸಲ ಬಿಲ್ಲೆಯ ಮೇಲೆ ಬಣ್ಣ ಬದಲಾಗಿತ್ತು. ಹೊರ ಅಂಚಿನಲ್ಲಿ ಬೆರಳ ಗುರುತಿದ್ದರೆ, ಪದರ ಒಂದೇ ಸಮನಾಗಿಲ್ಲದಿದ್ದರೆ, ಅವಸರದ ಕಿರಣವು ತಪ್ಪುವುದುಂಟು. ೪ ಪಟ್ಟಿಗೆ ಇಳಿಸಿ ಇನ್ನೊಂದು ಬಿಲ್ಲೆಯನ್ನು ಇಟ್ಟಾಗ ಕಾಲು ಗಂಟೆ ಹಿಡಿಯಿತು; ಕೆಲಸ ಮುಗಿಯಿತು. ಬರೆದುದನ್ನು ಮರಳಿ ಓದಿ ತಾಳೆ ನೋಡುವ ‘ವೆರಿಫೈ’ ಎಂಬ ಆಯ್ಕೆಯನ್ನು ಅವನು ಬಿಡಲಿಲ್ಲ. ಬಿಲ್ಲೆಯನ್ನು ‘ಫೈನಲೈಸ್’ ಮಾಡಿ ಮುಚ್ಚುವುದನ್ನೂ ಮರೆಯಲಿಲ್ಲ. ಹಾಗೆ ಮುಚ್ಚದ ಬಿಲ್ಲೆಯನ್ನು ಮನೆಯ ಪ್ಲೇಯರುಗಳು ಸಾಮಾನ್ಯವಾಗಿ ಓದಲೊಲ್ಲವು.

ಮುಂದಿನ ವಾರ ಹಳ್ಳಿಯ ಮನೆಯ ಜಗಲಿಯಲ್ಲಿ ಅಜ್ಜಿ ಗುಂಡಿ ಒತ್ತಿದರು. ಅಜ್ಜ ಪೇಟ ಕಟ್ಟಿಕೊಂಡು ಬಂದರು, ಕುಳಿತರು, ನಕ್ಕರು. ಅಜ್ಜಿ ಕೊನೆಯವರೆಗೂ ಮಾತಾಡಲಿಲ್ಲ. ಚಿತ್ರ ಮುಗಿದ ಮೇಲೆ ಮೊಮ್ಮಗನತ್ತ ತಿರುಗಿ, “ಅಲ್ಲ ಮಾರಾಯ, ಹಿತ್ತಿಲಲ್ಲಿ ಹೋಳಿಗೆ ಬೇಯಿಸ್ತಾ ನಮ್ಮಕ್ಕ ಕೂತಿದ್ದಳಲ್ಲ, ಅವಳೆಲ್ಲಿ?” ಎಂದು ಕೇಳಿದರು.

ಕತ್ತಲೆಯಾಗಿದೆಯೆಂದು ಹುಡುಗನು ಕತ್ತರಿಸಿ ಎಸೆದಿದ್ದ ಭಾಗವದು. ಪುಣ್ಯಕ್ಕೆ ಅಂಗಡಿಯಿಂದ ತಂದ ಮೂಲ ಫೈಲನ್ನು ಅವನು ಅಳಿಸಿರಲಿಲ್ಲ.

“ಇದಾಳೆ ಅಜ್ಜಿ, ಇನ್ನೂ ಮೂರು ಬಿಲ್ಲೆ ಉಳಿದಿವೆ” ಎಂದನು.