ಫಸಲಿನ ಅಂದಾಜೂ ಮ್ಯಾನೇಜರರ ತೀರ್ಮಾನವೂ

ಸಹಕಾರ ಸಂಘಗಳ ಮಹಾಸಭೆಯಲ್ಲಿ ಮ್ಯಾನೇಜರರ ಮೇಲೆ ಬರುವ ಆಕ್ಷೇಪಣೆಗಳು ಬಹುಪಾಲು ಒಂದೇ ಜಾತಿಯವು. ಮೈಲುತುತ್ತ ಬೇಕಾದಾಗ ದಾಸ್ತಾನಿರಲಿಲ್ಲ, ಗೋದಾಮಿನಲ್ಲಿ ಜಾಗವಿರಲಿಲ್ಲ, ಧಾರಣೆ ಏರುವ ಮೊದಲೇ ಮಾಲು ಮಾರಿಬಿಟ್ಟರು. ಆಕ್ಷೇಪಣೆ ಮಾಡುವುದು ಸದಸ್ಯರ ಹಕ್ಕು, ಮಾಡಲೇಬೇಕು. ಆದರೆ ಆ ತೀರ್ಮಾನ ಕೈಗೊಂಡ ದಿನ ಮ್ಯಾನೇಜರರ ಮೇಜಿನ ಮೇಲೆ ಯಾವ ಮಾಹಿತಿ ಇತ್ತು, ಅದನ್ನು ಒದಗಿಸಿದವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ನಾವು ಇಂದು ಅದನ್ನು ಎತ್ತಬಯಸುತ್ತೇವೆ.

ಮೈಲುತುತ್ತದ ವಿಚಾರವನ್ನೇ ತೆಗೆದುಕೊಳ್ಳೋಣ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಅಂದಮೇಲೆ ಮ್ಯಾನೇಜರರು ಬೇಸಿಗೆಯಲ್ಲೇ ಖರೀದಿ ನಿಶ್ಚಯಿಸಬೇಕು. ಎಷ್ಟು? ಸದಸ್ಯತ್ವದ ಪುಸ್ತಕ ತೆರೆದರೆ ಅಲ್ಲಿರುವುದು ಶೇರು ಪಡೆದ ದಿನ ಬರೆಸಿದ ಎಕರೆ ಲೆಕ್ಕ. ಆಮೇಲೆ ಗದ್ದೆಗೆ ಅಡಿಕೆ ಇಟ್ಟವರು, ಅಣ್ಣತಮ್ಮಂದಿರು ಹಿಸ್ಸೆಯಾದವರು ಬಂದು ತಿದ್ದಿಸಿದ್ದು ಕಡಿಮೆ. ಹಾಗಾಗಿ ಅವರು ಹೋದ ವರ್ಷದ ಮಾರಾಟದ ಪುಸ್ತಕ ನೋಡುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಮಾರಾಟದ ಪುಸ್ತಕ ಹೇಳುವುದು ಎಷ್ಟು ಮಾರಿತು ಎಂಬುದನ್ನು ಮಾತ್ರ, ಎಷ್ಟು ಬೇಕಾಗಿತ್ತು ಎಂಬುದನ್ನಲ್ಲ. ಜುಲೈ ಮಳೆಯಲ್ಲಿ ಬಂದು ಬರಿಗೈಲಿ ಹಿಂದಿರುಗಿದವನಿಗೆ ಬಿಲ್ಲು ಇಲ್ಲ. ಬಿಲ್ಲಿಲ್ಲದವನು ಲೆಕ್ಕದಲ್ಲೂ ಇಲ್ಲ. ಹೋದ ವರ್ಷ ದಾಸ್ತಾನು ತೀರಿದ್ದರೆ, ಅದೇ ಅಂಕಿಯನ್ನು ನಂಬಿ ತರಿಸಿದ ಮಾಲು ಈ ವರ್ಷವೂ ತೀರುತ್ತದೆ. ಅವನ ತೋಟದಲ್ಲಿ ಕೊಳೆ ಹತ್ತಿ ಉದುರಿದ ಕಾಯಿಯ ನಷ್ಟ ಸಂಘದ ಯಾವ ಖಾತೆಯಲ್ಲೂ ಕಾಣದು. ಕೌಂಟರಿನಲ್ಲಿ ಅಗ್ಗದ ಪೆನ್ನೊಂದನ್ನು ದಾರ ಕಟ್ಟಿ ಇಟ್ಟು, ಪಕ್ಕದಲ್ಲಿ ಒಂದು ನೋಟುಬುಕ್ಕು ಇಟ್ಟರೆ ಸಾಕು: ಯಾರು ಬಂದರು, ಏನು ಕೇಳಿದರು, ಎಷ್ಟು ಕೇಳಿದರು. ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಈ ಪುಸ್ತಕವನ್ನು ನಾವು ಹೆಚ್ಚು ಕಡೆ ಕಂಡಿಲ್ಲ.

ಧಾರಣೆಯ ಮಾಹಿತಿಯಂತೂ ಈಗ ಮೊಬೈಲಿನಲ್ಲಿ ಸುರಿಯುತ್ತಿದೆ. ಮಾರುಕಟ್ಟೆ ವರದಿಯಲ್ಲಿ ರಾಶಿಗೆ ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಹೋದ ಧಾರಣೆ ಎಂದು ಮೂರು ಅಂಕಿಗಳಿದ್ದರೂ ಊರೆಲ್ಲ ತಿರುಗುವುದು ಗರಿಷ್ಠ ಒಂದೇ. ಆ ಧಾರಣೆಗೆ ಹೋದದ್ದು ನಾಲ್ಕು ಚೀಲವೋ ನಾಲ್ಕು ನೂರು ಚೀಲವೋ ಎಂದು ಕೇಳುವವರಿಲ್ಲ. ಆವಕ ತಿಳಿಯದೆ ಧಾರಣೆ ತಿಳಿದರೆ ಅರ್ಧ ತಿಳಿದ ಹಾಗೆ.

ಕಾಫಿಯಲ್ಲಿ ಒಂದು ಕಾಲಕ್ಕೆ ಈ ತಾಪತ್ರಯವೇ ಇರಲಿಲ್ಲ. ಮಾಲನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ಕಂತಿಗೆ ಕಾಯುವುದಷ್ಟೇ ಬೆಳೆಗಾರನ ಕೆಲಸ. 1992ರಿಂದ ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂತು. ಅದರೊಡನೆ ಯಾವಾಗ ಮಾರಬೇಕೆಂಬ ತಲೆನೋವೂ ನಮ್ಮ ಮನೆಗೆ ಬಂತು. ಸುದ್ದಿಗೂ ಅದರ ಪರಿಣಾಮಕ್ಕೂ ನಡುವೆ ಎಷ್ಟು ದೂರ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಕರಕಲಾದವು. ಆ ವರ್ಷದ ಕೊಯ್ಲು ಬಹುಪಾಲು ಮುಗಿದಿತ್ತು; ಪೆಟ್ಟು ಬಿದ್ದದ್ದು ಮುಂದಿನ ಫಸಲಿಗೆ, ಲೋಕದ ಧಾರಣೆ ತುದಿ ಮುಟ್ಟಿದ್ದು 1977ರಲ್ಲಿ. ಇಳಿಯುವಾಗ ಇಷ್ಟು ವ್ಯವಧಾನ ಸಿಗುವುದಿಲ್ಲ. 2025ರ ಆರಂಭದಲ್ಲಿ ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿ, ಅದೇ ವರ್ಷದ ನಡುವಿಗೆ 4,000ದ ಕೆಳಗಿಳಿಯಿತು.

ಇನ್ನು ನಮ್ಮ ಕಡೆಯ ಮಾತು. ಮಳೆ ಲೆಕ್ಕದಲ್ಲಿ ಮಲೆನಾಡಿನ ತೋಟದವರಷ್ಟು ಪ್ರಾಮಾಣಿಕರು ಬೇರೆಲ್ಲೂ ಸಿಗಲಾರರು. ಹೂ ಮಳೆ ಎಷ್ಟು ಇಂಚು ಎಷ್ಟು ಸೆಂಟು ಬಿತ್ತು ಎಂದು ಅಜ್ಜನ ಕಾಲದ ಪುಸ್ತಕದಿಂದ ಹೇಳುತ್ತಾರೆ. ಅದೇ ಫಸಲಿನ ಮಾತು ಬಂದರೆ ಒಂದೇ ತೋಟಕ್ಕೆ ಮೂರು ಅಂದಾಜು: ಸಾಲದ ಅರ್ಜಿಗೆ ದೊಡ್ಡದು, ನೆಂಟರಿಷ್ಟರಿಗೂ ವ್ಯಾಪಾರಿಗೂ ಸಣ್ಣದು, ಮನಸ್ಸಿನಲ್ಲಿ ಇನ್ನೊಂದು. ಸಂಘದ ಕಡತಕ್ಕೆ ಸೇರುವುದು ಮೊದಲನೆಯದು. ಗೋದಾಮು, ಗೋಣಿಚೀಲ, ಅಡಮಾನ ಸಾಲಕ್ಕೆ ತೆಗೆದಿಡುವ ಹಣ, ಎಲ್ಲವನ್ನೂ ಮ್ಯಾನೇಜರರು ಆ ಅಂಕಿಯ ಮೇಲೆ ಕಟ್ಟುತ್ತಾರೆ. ಖಾಲಿ ಗೋದಾಮಿಗೆ ಬಾಡಿಗೆ ಕೊಟ್ಟರೆಂದು ನಾವೇ ಎದ್ದು ನಿಂತು ಕೇಳುತ್ತೇವೆ.

ಇದಕ್ಕೆ ಸದಸ್ಯರನ್ನಷ್ಟೇ ದೂರಿ ಫಲವಿಲ್ಲ. ಅಂದಾಜು ಕೇಳುವ ಕೈಯೇ ಸಾಲದ ಮಿತಿ ನಿಶ್ಚಯಿಸುವ ಕೈಯೂ ಆಗಿರುವಾಗ ಯಾರು ತಾನೇ ನಿಜ ಬರೆದಾರು? ಆದ್ದರಿಂದ ಫಸಲಿನ ಅಂದಾಜಿಗೆ ಬೇರೆಯೇ ಹಾಳೆ ಇರಲಿ. ಕೊಯ್ಲಿಗೆ ಮುಂಚೆ ಅದನ್ನು ಪಡೆದು, ಎಲ್ಲ ಸದಸ್ಯರದ್ದು ಕೂಡಿಸಿದ ಮೊತ್ತವನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಕೊಯ್ಲಾದ ಮೇಲೆ ನಿಜವಾಗಿ ಬಂದ ಮಾಲಿನ ಮೊತ್ತವನ್ನೂ ಪಕ್ಕದಲ್ಲೇ ಹಾಕಲಿ. ಈ ಹಾಳೆಗಳು ಸಾಲ ವಿಭಾಗಕ್ಕೆ ಹೋಗತಕ್ಕದ್ದಲ್ಲ ಎಂದು ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಠರಾವು ಮಾಡಲಿ. ಠರಾವಾದ ವಾರವೇ ನಮ್ಮ ಹಾಳೆಯನ್ನು ತುಂಬಿ ಕೊಡುತ್ತೇವೆ.